ಮೂರು ಕಾಲಿನ ಸಿಂಹ

ಹಾಸನದಿಂದ ಬೆಳಗಿನ ಮೊದಲ ಬಸ್ಸು ಹತ್ತುವಾಗಲೇ ನನ್ನ ಪಿತ್ತ ನೆತ್ತಿಗೇರಿತ್ತು. ಹಿಂದಿನ ದಿನ ತಂಗಿ ಮಂಜುಳ ಫೋನ್ ಮಾಡಿ, "ಅಕ್ಕಾ, ಅಣೆ ಮ್ಯಾಲೆ ಸರ್ಪಸುತ್ತು ಆಗೈತೆ, ಎಡಗಣ್ಣು ಬಿಡಾಕೇ ಆಗ್ತಿಲ್ಲ, ಊರಿಗಾಮಿಗೆ ಬರೆಸಾಕೆ ಓಗ್ತಿದ್ದೀವಿ" ಎಂದಿದ್ದಳು. ಮೊದಲು ಆಸ್ಪತ್ರೆಗೆ ಹೋಗೇ ಎಂದು ನಾನು ಕಿರುಚಿದೆ. "ಆಯ್ತಕ್ಕ" ಎಂದಳು. ಚಿಕ್ಕಂದಿನಿಂದಲೂ ಮಾಡದ ಕೆಲಸಕ್ಕೆಲ್ಲ ಅವಳು ಹೇಳುವುದು ಅದೇ ಮಾತನ್ನು.

ಮೈಯ ಒಂದು ಮಗ್ಗುಲಿಗೆ ಸಾಲಾಗಿ ಉರಿಗುಳ್ಳೆ ಏಳುವ ಈ ಕಾಯಿಲೆಯನ್ನು ಹಾವು ಸುತ್ತಿಕೊಂಡಿದೆ ಎಂದೇ ನಮ್ಮ ಕೋಲಾರದ ಕಡೆ ಹೇಳುವುದು. ಹೆಡೆಯೂ ಬಾಲವೂ ಕೂಡಿದರೆ ಜೀವ ಹೋಯಿತಂತೆ. ಕೂಡದ ಹಾಗೆ ತಡೆಯಲು ಮೂರು ದಿನ ಬೆಳಗ್ಗೆ ಗುಳ್ಳೆಗಳ ಮೇಲೆ ಕೆಮ್ಮಣ್ಣಿನಲ್ಲಿ ಸಿಂಹ ಬರೆಸುತ್ತಾರೆ. ಅದನ್ನು ಬರೆಯುವ ಮುದುಕರೊಬ್ಬರು ಇರುವುದು ಚಿನ್ನದ ಗಣಿಯ ಊರಿಗಾಮಿನಲ್ಲಿ. ಮೂರನೆಯ ಬೆಳಗು ಮುಗಿಯುವ ತನಕ ಸೂಜಿ ಚುಚ್ಚಿಸುವಂತಿಲ್ಲ, ಮಾತ್ರೆ ನುಂಗುವಂತಿಲ್ಲ, ಸ್ನಾನ ಮಾಡುವಂತಿಲ್ಲ. ಬೆನ್ನಿಗೋ ಸೊಂಟಕ್ಕೋ ಆದರೆ ಬರೆಸಿದರೂ ವಾಸಿಯಾಗುತ್ತದೆ, ಬರೆಸದಿದ್ದರೂ ಆಗುತ್ತದೆ. ಕಣ್ಣಿನ ಹತ್ತಿರ ಆದರೆ ಹಾಗಲ್ಲ. ತಡ ಮಾಡಿದರೆ ಕಣ್ಣೇ ಹೋಗಬಹುದು ಎಂದು ನಮ್ಮ ಬೀದಿಯ ಔಷಧದಂಗಡಿಯವರೇ ನನಗೆ ಹೇಳಿದ್ದರು. ಅಷ್ಟು ಕೇಳಿದ ಮೇಲೆ ನಾನು ನನ್ನ ಅಂಗಡಿಯ ಬಾಗಿಲು ಎಳೆದು, ಬೆಳಗಾಗುತ್ತಲೇ ಹೊರಟೆ.

ನನ್ನದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ದಿನವೂ ಗಣಪತಿಯನ್ನೂ ಮನೆದೇವರುಗಳನ್ನೂ ಕಾರ್ಡಿನ ನೆತ್ತಿಯ ಮೇಲೆ ಕೂರಿಸುತ್ತೇನೆ, ಒಬ್ಬರನ್ನೂ ನಂಬುವುದಿಲ್ಲ. ನನ್ನ ಅನ್ನ ಮಾತ್ರ ಅವರಿಂದಲೇ. ಇದನ್ನು ಮುಚ್ಚಿಟ್ಟವಳೂ ಅಲ್ಲ.

ಬೆಂಗಳೂರಿನಲ್ಲಿ ಬಸ್ಸಿಳಿದು ಮಾರಿಕುಪ್ಪಂ ರೈಲು ಹಿಡಿದೆ. ಬಂಗಾರಪೇಟೆಗೆ ಎಪ್ಪತ್ತು ಕಿಲೋಮೀಟರಿನಷ್ಟು ದೂರ. ಟಿಕೆಟ್ಟಿಗೆ ಕೊಟ್ಟದ್ದು ಬಸ್ ನಿಲ್ದಾಣದ ಒಂದು ದೋಸೆಗಿಂತ ಕಡಿಮೆ. ನಿಲ್ಲಲೂ ಜಾಗವಿಲ್ಲದ ಡಬ್ಬಿಯಲ್ಲಿ ಬೆವರು, ಮಲ್ಲಿಗೆ, ಕಡಲೆಕಾಯಿ ಸಿಪ್ಪೆ ಎಲ್ಲ ಸೇರಿದ ವಾಸನೆ. ಮಾಲೂರು ದಾಟಿದ ಮೇಲೆ ಸೀಟು ಸಿಕ್ಕಿತು. ಎದುರಿಗೆ ಕೂತಿದ್ದ ಆಫೀಸಿನ ಮನುಷ್ಯ, ಅಕ್ಕಪಕ್ಕದವರಿಗೆಲ್ಲ ಹಂಚಿದ ಚಕ್ಕುಲಿಯನ್ನು ತಾನು ಮಾತ್ರ ಮುಟ್ಟಲಿಲ್ಲ. ಯಾಕೆಂದು ಕೇಳಿದೆ.

"ಶನಿವಾರ ಒಪ್ಪತ್ತು ಮೇಡಂ."

"ಶನಿಯನ್ನ ನಂಬ್ತೀರಾ?"

"ಅಯ್ಯೋ, ನಂಬಿಕೆ ಗಿಂಬಿಕೆ ಏನಿಲ್ಲ. ಯಾಕೆ ಸುಮ್ನೆ ರಿಸ್ಕು ಅಂತ."

ಸುತ್ತಲಿದ್ದವರು ನಕ್ಕರು. ನನಗೂ ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತೋ ಏನೋ.

ಬಂಗಾರಪೇಟೆಯಲ್ಲಿ ಇಳಿದಾಗ ಬಿಸಿಲು ಇಳಿಮುಖವಾಗಿದ್ದರೂ ಧಗೆ ಹೋಗಿರಲಿಲ್ಲ. ಊರಿಗೆ ಹೆಸರು ತಂದ ಬಿಳಿ ನೀರಿನ ಪಾನಿಪುರಿಯ ಗಾಡಿಗಳ ಮುಂದೆ ಜನ ಮುಗಿಬಿದ್ದಿದ್ದರು. ನಾನು ಆಟೋ ಹಿಡಿದು ಮಂಜುಳನ ಹಳ್ಳಿಗೆ ಹೋದೆ. ಮನೆಯಲ್ಲಿ ಅವಳ ಅತ್ತೆ ಪಾಪಮ್ಮ ಒಬ್ಬರೇ ಹಸುವಿಗೆ ಬೂಸಾ ಕಲೆಸುತ್ತಿದ್ದರು. ಮಗ ಸೊಸೆ ಇಬ್ಬರೂ ಊರಿಗಾಮಿನಲ್ಲಿ, ಮಗನ ಗೆಳೆಯನ ಮನೆಯಲ್ಲಿ ಉಳಿದಿದ್ದಾರೆ, ಬೆಳಗ್ಗೆ ಒಂದು ಸಲ ಬರೆಸಿ ಆಗಿದೆ ಎಂದರು. ಮಂಜುಳನಿಗೆ ಫೋನ್ ಮಾಡಿದರೆ ಗಂಡ ಎತ್ತಿ, ಮಲಗಿದ್ದಾಳೆ ಎಂದು ಇಟ್ಟುಬಿಟ್ಟ. ಗೆಳೆಯನ ಮನೆ ಎಲ್ಲಿ ಎಂದು ಪಾಪಮ್ಮನಿಗೂ ಗೊತ್ತಿರಲಿಲ್ಲ. ಬೆಳಗಿನ ರೈಲಿಗೆ ಕಾಯದೆ ಗತಿಯಿರಲಿಲ್ಲ.

ಪಾಪಮ್ಮ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಆ ಹೆಂಗಸಿನ ಕೈರುಚಿ ಚೆನ್ನಾಗಿದೆ, ಅದನ್ನು ಇಲ್ಲವೆನ್ನಲಾರೆ.

"ಕಣ್ಣಿನ ವಿಷಯ. ನಿಮಗೆ ಆ ಕೆಮ್ಮಣ್ಣಿನ ಮೇಲೆ ಅಷ್ಟು ನಂಬಿಕೆಯಾ?" ಎಂದು ಕೇಳಿಯೇಬಿಟ್ಟೆ.

ಪಾಪಮ್ಮ ಸಾರಿನ ಸೌಟು ಕೆಳಗಿಟ್ಟರು. "ನಂಗೆಲ್ಲಮ್ಮ ಅಷ್ಟು ನಂಬ್ಕೆ? ನನ್ ಮಂಡಿ ನೋವಿಗೆ ನಾನು ಕೋಲಾರದಾಗೆ ಸೂಜಿ ಆಕಿಸ್ಕೊಂತೀನಿ. ಸೊಸೆಗೆ ಮನಸ್ನಾಗೆ ಇರ್ತದಲ್ಲ. ಬರೆಸ್ದೆ ಇದ್ರೆ, ಮಗಳಾಗಿದ್ರೆ ಬರೆಸೋರು, ಸೊಸೆ ಅಂತ ಬಿಟ್ರು ಅಂತ ನಾಳೆ ನೀವೇ ಅನ್ನಲ್ವಾ?"

"ನಾನು ಯಾಕಮ್ಮ ಹಾಗನ್ನಲಿ?"

"ಅನ್ನೋರು ಅಂತಾರೆ ಬಿಡಮ್ಮ" ಎಂದು ಇನ್ನೊಂದು ಸೌಟು ಸಾರು ಸುರಿದರು.

ಮರುದಿನ ನಸುಕಿಗೇ ಎದ್ದು ಬಂಗಾರಪೇಟೆಯಿಂದ ಮತ್ತೆ ಮಾರಿಕುಪ್ಪಂ ರೈಲು ಹತ್ತಿದೆ. ಭಾನುವಾರವಾದರೂ ಈ ಹೊತ್ತಿನಲ್ಲಿ ಜನವೆಲ್ಲ ಬೆಂಗಳೂರಿನ ಕಡೆಗೆ. ಚಿನ್ನದ ಗಣಿಯ ಕಡೆ ಹೋಗುವ ಡಬ್ಬಿ ಖಾಲಿ. ಕೋರಮಂಡಲ್ ದಾಟಿ ಊರಿಗಾಂ ಬರುವಷ್ಟರಲ್ಲಿ ಚಿನ್ನ ತೆಗೆದು ಎಸೆದ ಮಣ್ಣಿನ ಸೈನೈಡ್ ದಿಬ್ಬಗಳ ಬೂದಿ ಬಣ್ಣ ಕಿಟಕಿಯ ತುಂಬ ತುಂಬಿಕೊಂಡಿತು. ಗಾಳಿ ಬೀಸಿದರೆ ಆ ದೂಳು ಬಾಯಿಗೇ ಬರುತ್ತದೆ. ಗಣಿ ಮುಚ್ಚಿ ಎಷ್ಟು ಕಾಲವಾಯಿತು, ಆ ದೂಳು ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ.

ಸಿಂಹ ಬರೆಯುವ ಮುದುಕನ ಮನೆ ಎಲ್ಲಿ ಎಂದು ಕೇಳಿದರೆ ಸ್ಟೇಷನ್ನಿನ ಮುಂದೆ ಚಹಾ ಕುಡಿಯುತ್ತಿದ್ದವರೆಲ್ಲ ಒಟ್ಟಿಗೆ ಕೈ ತೋರಿಸಿದರು. ಕಾರ್ಮಿಕರ ಲೈನ್ ಮನೆಗಳ ಕೊನೆಯಲ್ಲಿ ಒಂದು ತಗಡಿನ ಜಗಲಿ. ಅಲ್ಲಿ ನನ್ನ ತಂಗಿ ಮಣೆಯ ಮೇಲೆ ಕೂತಿದ್ದಳು.

ಅವಳ ಮುಂದೆ ಕುಕ್ಕರಿಸಿ ಮುಖ ನೋಡಿದೆ. ಎಡಗಡೆ ಹಣೆ ಬಾತಿತ್ತು, ರೆಪ್ಪೆ ಊದಿ ಮುಚ್ಚಿತ್ತು, ಮೂಗಿನ ತುದಿಯ ತನಕ ಗುಳ್ಳೆ. ಅದರ ಮೇಲೆ ಕೆಂಪಗೆ ಒಂದು ಸಿಂಹ. ಕೇಸರ, ಬಾಲ ಎಲ್ಲ ಇತ್ತು, ಕಾಲು ಮಾತ್ರ ಮೂರು. ನಾಲ್ಕನೆಯದು ರೆಪ್ಪೆಯ ಮೇಲೆ ಬರುತ್ತಿತ್ತೆಂದು ಬಿಟ್ಟಿದ್ದರು. ಒಣಗದ ಕೆಮ್ಮಣ್ಣು ಕಣ್ಣಿನ ಸಂದಿಗೆ ಇಳಿಯುತ್ತಿತ್ತು.

ಬರೆದ ಮುದುಕ ಏಳುಮಲೈ ಪಕ್ಕದಲ್ಲೇ ಕೂತು ಕೋಳಿಪುಕ್ಕವನ್ನು ನೀರಿಗದ್ದಿ ತೊಳೆಯುತ್ತಿದ್ದರು. ಗೋಡೆಯ ಮೇಲೆ ಮುರುಗನೂ ಮೇರಿಮಾತೆಯೂ ಒಂದೇ ಮೊಳೆಗೆ ನೇತಾಡುತ್ತಿದ್ದರು. ಮುದುಕರ ಮುಖದ ಮೇಲೆ ದೊಡ್ಡ ಕಪ್ಪು ಕನ್ನಡಕ, ಕಣ್ಣಿನ ಆಪರೇಷನ್ ಆದವರಿಗೆ ಶಿಬಿರದಲ್ಲಿ ಕೊಡುತ್ತಾರಲ್ಲ, ಅಂಥದು. ಅದನ್ನು ಕಂಡಿದ್ದೇ ನನಗೆ ತಡೆಯಲಾಗಲಿಲ್ಲ.

"ತಾತಾ, ನಿಮ್ಮ ಕಣ್ಣಿಗೆ ಪೊರೆ ಬಂದಾಗ ಯಾವ ಸಿಂಹ ಬರೆಸಿದಿರಿ?"

"ಅದು ಬೇರೆ ಅಮ್ಮಾ. ಅದಕ್ಕೆ ಆಪರೇಷನ್ ಇದೆಯಲ್ಲ" ಎಂದರು, ಒಂದಿಷ್ಟೂ ಕಸಿವಿಸಿಯಿಲ್ಲದೆ.

"ಇದಕ್ಕೆ ಔಷಧ ಇಲ್ಲವಾ? ನಿಮಗೆ ನಿಜವಾಗಿ ನಂಬಿಕೆ ಇದೆಯಾ ಇದರಲ್ಲಿ?"

"ನಂಬಿಕೆ ಎಲ್ಲ ನನ್ನ ಕೇಳಬೇಡ ತಾಯಿ. ಬರೋವ್ರಿಗೆ ಇರುತ್ತೆ, ಅದಕ್ಕೆ ಬರೀತೀನಿ. ನಮ್ಮಪ್ಪ ಬರೆದ್ರು, ನಾನು ಬರೀತೀನಿ. ಅವ್ಳೋದಾನ್, ಅಷ್ಟೇ."

ಮಂಜುಳನ ಗಂಡ ಮುನಿರಾಜು ಒಳಗಿನಿಂದ ಬಂದ. ವೈಟ್‌ಫೀಲ್ಡಿನ ಕಾರ್ಖಾನೆಗೆ ದಿನವೂ ರೈಲಿನಲ್ಲಿ ಹೋಗಿಬರುವವನು, ಯಂತ್ರ ರಿಪೇರಿ ಮಾಡುವವನು. ಅವನ ಮೇಲೆ ಎಗರಿದೆ. "ಯಂತ್ರ ಕೆಟ್ಟರೆ ಅದಕ್ಕೂ ಸಿಂಹ ಬರೀತೀರೇನು?"

"ನಾನು ನಂಬ್ತೀನಾ ಅಕ್ಕಾ? ಆದ್ರೆ ನಮ್ಮವ್ವ ಇದಾಳಲ್ಲ. ವಯಸ್ಸಾದೋಳು, ಬರೆಸ್ದೆ ಆಸ್ಪತ್ರೆಗೆ ಓದ್ರೆ ಅನ್ನ ಬಿಡ್ತಾಳೆ. ನಾಳೆ ಒಂದ್ ಒತ್ತು ತಡೀರಿ, ಮುಗೀತಿದ್ದಂಗೇ ಆಸ್ಪತ್ರೆಗೇ ಓಗಾಣ."

ನಿಮ್ಮವ್ವ ನಿನ್ನೆ ನನ್ನ ತಟ್ಟೆಗೆ ಸಾರು ಹಾಕುತ್ತಾ ಏನು ಹೇಳಿದರು ಗೊತ್ತಾ ಎಂದು ಎಲ್ಲವನ್ನೂ ಹೇಳಿದೆ. ಅವನು, "ಅವ್ವ ನಿಮ್ಮ ಮುಂದೆ ಅಂಗಂತಾಳೆ" ಎಂದ.

ನಾನು ಮಂಜುಳನ ಕಡೆ ತಿರುಗಿದೆ. "ನೀನೇನೇ ಹೇಳ್ತೀಯ?"

ತೆರೆದಿದ್ದ ಒಂದು ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಂಗೆ ಉರಿ ತಡ್ಯಾಕೆ ಆಗ್ತಿಲ್ಲಕ್ಕ. ಬರೆದ್ರೆ ಓಗ್ತದೆ ಅಂತ ನಾನೂ ಅನ್ಕೊಂಡಿಲ್ಲ. ಆದ್ರೆ ಇವ್ರೆಲ್ಲ ನಂಬ್ಕೊಂಡವ್ರೆ. ನಾನು ಒಲ್ಲೆ ಅಂದು, ನಾಳೆ ಅತ್ತೆಗೋ ಕೊಟ್ಟಿಗೆ ಅಸಕ್ಕೋ ಏನಾದ್ರೂ ಆದ್ರೆ ನನ್ ತಲೆಗೆ ಕಟ್ತಾರೆ."

ಇದನ್ನು ಬರೆಯುವಾಗಲೂ ನನ್ನ ರಕ್ತ ಕುದಿಯುತ್ತದೆ. ಅತ್ತೆ ಸೊಸೆಗಾಗಿ, ಗಂಡ ಅವ್ವನಿಗಾಗಿ, ಹೆಂಡತಿ ಇವರೆಲ್ಲರಿಗಾಗಿ, ಮುದುಕ ಬಂದವರಿಗಾಗಿ. ಯಾರ ಹೊಟ್ಟೆಯಲ್ಲೂ ನಂಬಿಕೆಯಿಲ್ಲ, ಎಲ್ಲರೂ ಅದನ್ನು ಪಕ್ಕದವರ ಹೊಟ್ಟೆಯಲ್ಲಿದೆ ಎಂದುಕೊಂಡಿದ್ದಾರೆ. ಒಬ್ಬರಾದರೂ ನಿಜವಾಗಿ ನಂಬಿದ್ದರೆ ಅವರ ಜೊತೆ ಜಗಳ ಆಡಬಹುದಿತ್ತು, ಕಾಲಿಗೆ ಬೀಳಬಹುದಿತ್ತು, ತಿಳಿಸಿ ಹೇಳಬಹುದಿತ್ತು. ಇಲ್ಲದ ನಂಬಿಕೆಯನ್ನು ಹೇಗೆ ಕಿತ್ತುಹಾಕುವುದು? ದೇವರನ್ನೇ ನಂಬಿ ಕೂತವರನ್ನು ಕಂಡರೆ ನನಗೆ ಇಷ್ಟು ಸಿಟ್ಟು ಬರುವುದಿಲ್ಲ.

ಸೆರಗು ಒದ್ದೆ ಮಾಡಿ ಸಿಂಹವನ್ನು ಒರೆಸಿದೆ. ಏಳುಮಲೈ "ಅಯ್ಯಯ್ಯೋ" ಎಂದರೇ ಹೊರತು ತಡೆಯಲಿಲ್ಲ. ಮುನಿರಾಜು ತಡೆಯುವವನಂತೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಮಂಜುಳ ನನ್ನ ಕೈ ಹಿಡಿದು ಎದ್ದಳು.

ಮೂವರೂ ಬಸ್ಸಿನಲ್ಲಿ ಕೋಲಾರಕ್ಕೆ ಹೋದೆವು. ಮೂವತ್ತು ಕಿಲೋಮೀಟರ್ ದಾರಿ. ಹಳ್ಳ ಬಂದಾಗಲೆಲ್ಲ ಮಂಜುಳ ನರಳುತ್ತಿದ್ದಳು. ಕಣ್ಣಿನ ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಉಳಿದ ಕೆಮ್ಮಣ್ಣನ್ನು ಹತ್ತಿಯಲ್ಲಿ ಮೆಲ್ಲಗೆ ತೆಗೆದು, ರೆಪ್ಪೆ ಬಿಡಿಸಿ ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಗುಳ್ಳೆ ಎದ್ದಾಗಲೇ ಬರಬೇಕಿತ್ತು. ಮಾತ್ರೆಯಲ್ಲೇ ಹೋಗೋದು" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಲ್ಲೇ ಸೇರಿಸಿಕೊಂಡರು. ಗುಳ್ಳೆ ಬಾಡಿತು, ಉರಿ ಇಳಿಯಿತು, ಊತವೂ ಇಳಿದು ಕಣ್ಣು ತೆರೆಯಿತು. ತೆರೆದ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಕೂತಿತ್ತು. ಬೆಳಕು ನೆರಳು ತಿಳಿಯುತ್ತದೆ, ಅದಕ್ಕಿಂತ ಹೆಚ್ಚು ಬರುವುದು ಕಷ್ಟ ಎಂದು ಡಾಕ್ಟರಮ್ಮ ಹೇಳಿದರು. ಮುನಿರಾಜು ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತ. ಅಳಲಿ ಎಂದುಕೊಂಡೆ, ಅವನ ಹತ್ತಿರ ಹೋಗಲಿಲ್ಲ.

ಹಳ್ಳಿಗೆ ವಾಪಸ್ಸು ಬಂದ ದಿನ ನೋಡಲು ಹೆಂಗಸರು ಬಂದರು. ಪಕ್ಕದ ಮನೆಯ ರತ್ನಮ್ಮ ಮಂಜುಳನ ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ, "ಸದ್ಯ, ಎಲ್ಡು ದಿನ ಬರೆಸಿದ್ಕೆ ಪ್ರಾಣ ಉಳೀತು. ಮೂರ್ನೇ ದಿನಾನೂ ಬರೆಸಿದ್ರೆ ಕಣ್ಣೂ ಉಳೀತಿತ್ತು. ಮಧ್ಯದಾಗೆ ಅಳಿಸ್ಬಿಟ್ರಂತಲ್ಲ" ಎಂದು ನನ್ನ ಕಡೆ ನೋಡಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಡಾಕ್ಟರು ಏನು ಹೇಳಿದರು ಎಂದು ಮೊದಲಿಂದ ಹೇಳಲು ಶುರುಮಾಡಿದೆ. ಪಾಪಮ್ಮ ಹಾಲಿನ ಕ್ಯಾನು ತೊಳೆಯುತ್ತಾ ತಲೆ ಎತ್ತಲಿಲ್ಲ. ಮುನಿರಾಜು ಅಂಗಳ ದಾಟಿ ಹೊರಗೆ ಹೋದ. ಆಗ ಮಂಜುಳ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಊಂ, ರತ್ನಕ್ಕ. ನಮ್ಮಕ್ಕ ಅವಸ್ರ ಮಾಡಿದ್ಲು."

ನಾನು ಎದ್ದು ಒಳಗೆ ಹೋಗಿ ಬಟ್ಟೆ ಕಟ್ಟಿಕೊಂಡೆ. ಕೊಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ನನ್ನನ್ನು ರೈಲು ಹತ್ತಿಸಲು ಮಂಜುಳ ಒಬ್ಬಳೇ ಬಂಗಾರಪೇಟೆಗೆ ಬಂದಳು. ಬೇಡವೆಂದರೂ ಕೇಳಲಿಲ್ಲ. ಪ್ಲಾಟ್‌ಫಾರಂ ಮೇಲೆ ನಿಂತಾಗ ನಾನು ಕೇಳಿದೆ, "ನಿಜವಾಗ್ಲೂ ಹಾಗಂತ ನಂಬ್ತೀಯೇನೇ?"

"ಇಲ್ಲಕ್ಕ."

"ಮತ್ಯಾಕೆ ಹೇಳಿದೆ? ಅಷ್ಟು ಜನರ ಮುಂದೆ?"

"ಬರೆಸಿದ್ದೇ ತಪ್ಪು ಅಂದ್ರೆ ಅತ್ತೆ ತಪ್ಪು, ಇವ್ರ ತಪ್ಪು. ಒಪ್ಕೊಂಡು ಕೂತ್ನಲ್ಲ, ನಂದೂ ತಪ್ಪು. ಅಂಗನ್ಕೊಂಡು ಆ ಮನ್ಯಾಗೆ ಅವ್ರಿಗೆ ಮುದ್ದೆ ಎಂಗಿಕ್ಲಿ, ಅವ್ರ ಪಕ್ಕದಾಗೆ ಎಂಗ್ ಮಲೀಕ್ಕೊಳ್ಲಿ? ನೀನಾದ್ರೆ ರೈಲತ್ಕೊಂಡು ಓಗ್ತೀಯ. ಅದ್ಕೆ ನಿನ್ ಮ್ಯಾಲೆ ಆಕ್ದೆ."

ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಸಿಟ್ಟಿನಲ್ಲಿ ಎರಡನ್ನೂ ಮಾಡದೆ, ಬಂದ ರೈಲು ಹತ್ತಿ ಕಿಟಕಿಯ ಪಕ್ಕ ಕೂತೆ. ಇನ್ನು ಈ ಊರಿಗೆ ಕಾಲಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ರೈಲು ಅಲುಗಿದ ಮೇಲೆ ಮನಸ್ಸು ತಡೆಯದೆ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ, ಹೆಸರು ಹಿಡಿದು ಕೂಗಿದೆ. ಗಲಾಟೆಯಲ್ಲಿ ಅವಳಿಗೆ ಕೇಳಲಿಲ್ಲ. ನನ್ನ ಡಬ್ಬಿ ಅವಳ ಎಡಗಡೆ ಇತ್ತು. ಅವಳು ಬಲಗಡೆಯ ಡಬ್ಬಿಯ ಕಿಟಕಿಗಳನ್ನು ಒಂದೊಂದಾಗಿ ಹುಡುಕುತ್ತಾ, ಯಾರೋ ಗುರುತಿಲ್ಲದವರಿಗೆ ಕೈ ಬೀಸುತ್ತಾ ನಿಂತಿದ್ದಳು.