ಲಾಳಿ ರೇಡಿಯೋದ ಹಾಲಸಿದ್ದಪ್ಪ

ಹಾಲಸಿದ್ದಪ್ಪ ಹುಟ್ಟಿದ್ದು ಚಿಮ್ಮಡದಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಕುರಿ ಬಿಟ್ಟು ಬನಹಟ್ಟಿಯ ಪವರ್‌ಲೂಮ್ ಕಾರ್ಖಾನೆ ಸೇರಿದ. ಒಂದು ಮಗ್ಗ ಓಡಿದರೇ ಪಕ್ಕದವನ ಮಾತು ಕೇಳಿಸದು. ಅಲ್ಲಿ ಒಂದೇ ತಗಡಿನ ಕೆಳಗೆ ಇಪ್ಪತ್ನಾಲ್ಕು ಓಡುತ್ತಿದ್ದವು. ಮೂವತ್ತೆಂಟು ವರ್ಷ ಆ ಸದ್ದಿನಲ್ಲಿ ದುಡಿದ. ಆದರೂ ಹಾಡಿನ ಹುಚ್ಚು ಬಿಡಲಿಲ್ಲ. ಪಗಾರದ ಮರುದಿನ ಮಹಾಲಿಂಗಪುರಕ್ಕೆ ಹೋಗಿ ಕ್ಯಾಸೆಟ್ ಕೊಂಡು ತರುತ್ತಿದ್ದ. ಮನೆಯ ಗೂಡುಗಳಲ್ಲಿ ಬೇಳೆಕಾಳಿನ ಡಬ್ಬಿಗಿಂತ ಕ್ಯಾಸೆಟ್ಟುಗಳೇ ಹೆಚ್ಚು.

ಊರಿನ ಹತ್ತೆಂಟು ಜನ ಸೇರಿ ಹಳೆಯ ನೂಲಿನ ಗೋದಾಮಿನ ಮೇಲಿನ ಕೋಣೆಯಲ್ಲಿ, ಮಗ್ಗದ ಲಾಳಿಯ ಹೆಸರಿಟ್ಟು, ಯಾರಿಗೂ ಸಂಬಳವಿಲ್ಲದ ಲಾಳಿ ರೇಡಿಯೋ ತೆರೆದಾಗ, ಹಳೆಯ ಹಾಡಿನ ಕಾರ್ಯಕ್ರಮಕ್ಕೆ ಯಾರೆಂದು ಕೇಳುವ ಪ್ರಸಂಗವೇ ಬರಲಿಲ್ಲ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹಾಲಸಿದ್ದಪ್ಪನ ದನಿ. ಕೇಳುಗರು ಫೋನು ಮಾಡುತ್ತಿದ್ದರು. ಎದುರಿಗೆ ಕೂತ ಶೈಲಾ, ಅಂಗನವಾಡಿ ಕೆಲಸ ಮುಗಿಸಿ ಬರುವ ಹೆಣ್ಣುಮಗಳು, ಹೆಸರು ಮತ್ತು ಹಾಡನ್ನು ಚೀಟಿಯಲ್ಲಿ ಬರೆದು ಮುಂದಿಡುತ್ತಿದ್ದಳು. ಚೀಟಿ ಬರೆಯಲು ಹೇಳಿಕೊಟ್ಟವನು ಹಾಲಸಿದ್ದಪ್ಪನೇ. ಯಾಕೆಂದು ಅವಳು ಕೇಳಿರಲಿಲ್ಲ.

ಅವನ ಕಿವಿ ಹೋಗಿದ್ದವು. ಒಂದೇ ಸಲ ಹೋಗಲಿಲ್ಲ, ವರ್ಷಕ್ಕಿಷ್ಟು ವರ್ಷಕ್ಕಿಷ್ಟು ಹೋದವು. ತಬಲಾದ ಪೆಟ್ಟು ಎದೆಗೆ ತಾಕಿದರೆ ಸಾಕು, ಮಿಕ್ಕ ಹಾಡನ್ನು ಒಳಗಿನಿಂದಲೇ ತುಂಬಿಕೊಳ್ಳುತ್ತಿದ್ದ. ಅದು ಕಿವಿಯಿಂದ ಬರುತ್ತಿದೆಯೋ ನೆನಪಿನಿಂದಲೋ ಅವನಿಗೇ ತಿಳಿಯುತ್ತಿರಲಿಲ್ಲ. ಗೊತ್ತಿದ್ದವಳು ಹೆಂಡತಿ ಹಣಮವ್ವ ಒಬ್ಬಳೇ.

“ರೇಡಿಯೋದವರಿಗೆ ಹೇಳಿಬಿಡ್ರಿ,” ಎಂದು ಅವಳು ಭುಜ ಹಿಡಿದು, ಮುಖಕ್ಕೆ ಮುಖ ಕೊಟ್ಟು ಒದರುತ್ತಿದ್ದಳು.

“ಹೇಳಿದರ ಕ್ಯಾಸೆಟ್ ಇಟ್ಕೊಂಡು ನನ್ನ ಮನಿಗಿ ಕಳಸ್ತಾರ,” ಎನ್ನುತ್ತಿದ್ದ. ಆರು ವರ್ಷ ಹೀಗೇ ನಡೆಯಿತು.

ಆ ಮಂಗಳವಾರ ಶೈಲಾ ಮೀಟಿಂಗಿಗೆಂದು ಜಮಖಂಡಿಗೆ ಹೋಗಿದ್ದಳು. “ಒಬ್ಬರ ನಡಸ್ತೀರೇನ್ರಿ ಮಾಮಾ?” ಎಂದು ಹಿಂದಿನ ದಿನವೇ ಕೇಳಿದ್ದಳು. ಹೂಂ ಎಂದಿದ್ದ. ಅದೇನು ಕಷ್ಟವಲ್ಲ ಎಂದುಕೊಂಡಿದ್ದ. ಕರೆ ಬಂದರೆ ಹೆಸರು ಕಂಪ್ಯೂಟರಿನ ಮೇಲೆ ಮೂಡುತ್ತದೆ, ದಿನದ ಕೇಳುಗರೆಲ್ಲರ ಮೆಚ್ಚಿನ ಹಾಡು ಬಾಯಿಪಾಠ.

ಎರಡೂವರೆಗೆ ‘ಶಿವವ್ವ, ಬನಹಟ್ಟಿ’ ಎಂದು ಮೂಡಿತು. ವಾರಕ್ಕೆರಡು ಸಲ ಫೋನು ಮಾಡುವವಳು, ಸೊಂಟ ಮುರಿದು ಹಾಸಿಗೆ ಹಿಡಿದವಳು. ಕೇಳುವುದು ಯಾವಾಗಲೂ ಒಂದೇ ಹಾಡು, ಅವಳ ಮದುವೆಯ ಕಾಲದ ಸಿನಿಮಾದ್ದು. ಹಾಲಸಿದ್ದಪ್ಪ ಗುಂಡಿ ಒತ್ತಿದ. ಹೆಡ್‌ಫೋನಿನಲ್ಲಿ ಒಲೆಯ ಮೇಲಿನ ನೀರು ಕುದಿಯುವಂಥ ಸದ್ದು.

“ನಮಸ್ಕಾರ್ರಿ ಶಿವವ್ವಕ್ಕ! ಯಜಮಾನ್ರು ಚಲೋ ಅದಾರಿಲ್ಲ?”

ಸದ್ದು ಏರಿತು, ಇಳಿಯಿತು. ನಗುತ್ತಿದ್ದಾಳೆ ಎಂದುಕೊಂಡ.

“ಆತ್ರಿ, ಆತು. ನಿಮ್ಮ ಹಾಡ ನನಗ ಗೊತ್ತಿಲ್ಲೇನ? ಇಬ್ಬರೂ ಬಾಜೂ ಬಾಜೂ ಕುಂತ ಕೇಳ್ರಿ.”

ಕರೆ ಕತ್ತರಿಸಿ ಹಾಡು ಹಾಕಿದ. ಅದು ಮುಗಿದ ಮೇಲೆ ಅದೇ ಕಾಲದ ಇನ್ನೆರಡು ಹಾಕಿ, ಕಣ್ಣು ಮುಚ್ಚಿ ಕೂತ.

ಯಾರೋ ಅವನ ಭುಜ ಹಿಡಿದು ಅಲುಗಿಸಿದರು. ಕಣ್ಣು ತೆರೆದರೆ ಕೋಣೆಯ ತುಂಬ ಜನ, ಲುಂಗಿಗೆ ನೂಲಿನ ಧೂಳು ಹತ್ತಿದ ನೇಕಾರರು. ಎಲ್ಲರ ಬಾಯಿಯೂ ಆಡುತ್ತಿತ್ತು. ಅವನು ಒಬ್ಬೊಬ್ಬರ ತುಟಿ ನೋಡಿದ, ಏನೂ ಸಿಗಲಿಲ್ಲ. ಅವನಿಗೆ ಕೇಳಿಸುತ್ತಿಲ್ಲವೆಂದು ಅರಿತ ರೇಡಿಯೋದ ಮುಖ್ಯಸ್ಥ ವೀರೇಶ ಮೇಜಿನ ಮೇಲಿನ ಚೀಟಿ ಎಳೆದುಕೊಂಡು ಬರೆದ: ‘ಶಿವವ್ವನ ಮನಿ ಎಲ್ಲೈತಿ? ಗಂಡ ಬಿದ್ದಾನ.’

ಅವಳು ಹೇಳಿದ್ದನ್ನು ಊರೆಲ್ಲ ಕೇಳಿತ್ತು. ಆದರೆ ಯಾವ ಓಣಿಯ ಶಿವವ್ವ ಎಂದು ಯಾರಿಗೂ ತಿಳಿದಿರಲಿಲ್ಲ. ರೇಡಿಯೋಕ್ಕೆ ಫೋನು ಮಾಡಿದರೆ ಎತ್ತುವವರಿಲ್ಲ. ವಿಳಾಸವಿದ್ದ ರಿಜಿಸ್ಟರ್ ಹಾಲಸಿದ್ದಪ್ಪನ ಮೊಣಕೈ ಕೆಳಗೇ ಇತ್ತು. ಜನ ಆ ಮನೆ ಮುಟ್ಟಿದಾಗ ಅವಳ ಕರೆ ಬಂದು ಇಪ್ಪತ್ತೆರಡು ನಿಮಿಷ ಆಗಿತ್ತು. ಶಿವವ್ವನ ಗಂಡ ಚನಮಲ್ಲಪ್ಪ ಮಗ್ಗದ ಪಕ್ಕದಲ್ಲಿ ಬೋರಲು ಬಿದ್ದಿದ್ದ. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಎರಡೂ ಬದಿಯ ಮನೆಗಳಲ್ಲಿ ಮಗ್ಗ ಓಡುತ್ತಲೇ ಇದ್ದವು.

ಮರುದಿನ ವೀರೇಶ ರೇಡಿಯೋದಲ್ಲಿ, ಫೋನಿನ ಲೈನು ಕೆಟ್ಟು ಕೇಳುಗರೊಬ್ಬರ ಮಾತು ಸ್ಟುಡಿಯೋ ತಲುಪಲಿಲ್ಲ, ವಿಷಾದಿಸುತ್ತೇವೆ ಎಂದು ಓದಿದ. ಹಾಲಸಿದ್ದಪ್ಪನ ಮೇಲಿನ ಪ್ರೀತಿಯೂ ಅದರಲ್ಲಿತ್ತು, ರೇಡಿಯೋ ಮುಚ್ಚೀತೆಂಬ ಹೆದರಿಕೆಯೂ ಇತ್ತು. ಹಣಮವ್ವ ಅದನ್ನು ಗಂಡನ ಕಿವಿಗೆ ಒದರಿದಳು. ಅವನು ಆ ದಿನ ಊಟ ಮಾಡಲಿಲ್ಲ.

ಒಂಬತ್ತನೆಯ ದಿನ ಶಿವವ್ವನ ಮನೆಗೆ ಹೋದ. ಅವಳು ಹೊರಸಿನ ಮೇಲೆ ಮಲಗಿದ್ದಳು. ಮಹಾಲಿಂಗಪುರದಿಂದ ಬಂದ ಮಗಳು ಬಾಗಿಲಲ್ಲೇ ತಡೆದಳು. ಶಿವವ್ವ ಕೈ ಮಾಡಿ ಕರೆದಳು.

“ಲೈನ್ ಕೆಟ್ಟಿತ್ತಂತ, ಖರೆ ಏನೋ?”

ಈ ಮಾತು ಅವನಿಗೆ ತುಟಿಯಿಂದಲೇ ತಿಳಿಯಿತು. “ಇಲ್ಲಕ್ಕ. ಕಿವಿ ಕೆಟ್ಟಾವ. ಭಾಳ ವರ್ಷ ಆತು. ಮುಚ್ಚಿಟ್ಟಿದ್ನಿ.”

ಅವಳು ಅವನ ಅಂಗಿಯ ಕೊರಳು ಹಿಡಿದು ಎಳೆದಳು. ಕಿವಿಗೆ ಬಾಯಿ ಹಚ್ಚಿ, ಅಂದು ಫೋನಿನಲ್ಲಿ ಹೇಳಿದ್ದನ್ನೇ ಕೊರಳ ನರ ಉಬ್ಬುವ ಹಾಗೆ ಕೂಗಿದಳು:

“ಸಿದ್ದಪ್ಪ, ನಮ್ಮವರು ಬಿದ್ದಾರೋ! ಮಾತಾಡವಲ್ರು! ನನಗ ಏಳಾಕ ಬರೂದಿಲ್ಲ, ಒದರಿದರ ಯಾರಿಗೂ ಕೇಳಸವಲ್ದು. ಮಗಳ ಫೋನ್ ಹತ್ತವಲ್ದು, ನಿಂದೊಂದು ನಂಬರ್ ಹತ್ತೇತಿ. ಯಾರನ್ನರ ಕಳಸೋ ನಮ್ಮಪ್ಪ!”

ಅವನಿಗೆ ಒಂದೊಂದು ಅಕ್ಷರವೂ ಕೇಳಿಸಿತು.

“ಈಗರ ಕೇಳಿಸ್ತಲ್ಲ?” ಎಂದು ಅವಳು ಕೊರಳು ಬಿಟ್ಟಳು. “ಹೋಗಿನ್ನ.”

ಅಲ್ಲಿಂದ ನೆಟ್ಟಗೆ ಗೋದಾಮಿನ ಮೆಟ್ಟಿಲು ಹತ್ತಿದ. ವೀರೇಶ ಅಡ್ಡ ನಿಂತ, “ಹೋದಾಂವ ತಿರುಗಿ ಬರ್ತಾನೇನ್ರಿ? ರೇಡಿಯೋ ಸತ್ತೀತು,” ಎಂದ. ಹಾಲಸಿದ್ದಪ್ಪನಿಗೆ ಅದು ಕೇಳಿಸಲಿಲ್ಲ, ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ. ಶೈಲಾ ಎದ್ದು ಮೈಕು ಅವನತ್ತ ತಿರುಗಿಸಿದಳು.

“ಲೈನ್ ಕೆಟ್ಟಿದ್ದಿಲ್ರಿ,” ಎಂದು ಅವನು ಶುರು ಮಾಡಿದ. “ನಾ ಕಿವುಡ ಅದೇನಿ. ಆರು ವರ್ಷದಿಂದ ನೀವು ಮಾತಾಡಿದ್ದು ನನಗ ಕೇಳಿಲ್ಲ. ಆಕಿ ಗಂಡನ್ನ ಉಳಸ್ರಿ ಅಂದಳು, ನಾ ಹಾಡ ಹಾಕಿದ್ನಿ.” ಅಷ್ಟು ಹೇಳಿ ಎದ್ದ.

ಶೈಲಾ ಮೆಟ್ಟಿಲ ತನಕ ಬಂದಳು. ಕಣ್ಣು ತುಂಬಿತ್ತು. ಹಳೆಯ ರೂಢಿಯಂತೆ ಚೀಟಿ ಬರೆದು ಕೊಟ್ಟಳು: ‘ಎದುರಿಗೇ ಕುಂತಿದ್ನಿ ಮಾಮಾ. ನನಗರ ಹೇಳಬೇಕಿತ್ತು.’

ಹಳೆಯ ಹಾಡಿನ ಕಾರ್ಯಕ್ರಮ ನಿಂತಿತು. ಬಜಾರಿನಲ್ಲಿ ಕೆಲವರು ಅವನನ್ನು ಕಂಡು ಮುಖ ತಿರುಗಿಸಿದರು. ಒಬ್ಬ ಕಾಲ ಬಳಿ ಉಗುಳಿದ. ಶಿವವ್ವನನ್ನು ಮಗಳು ತನ್ನ ಮನೆಗೆ ಕರೆದೊಯ್ದಳು. ಕ್ಷಮಿಸಿದೆ ಎಂಬ ಮಾತು ಆಕೆಯಿಂದ ಬರಲಿಲ್ಲ, ಅವನೂ ಕೇಳಲಿಲ್ಲ.

ತಿಂಗಳ ಮೇಲೆ ಕಾರ್ಖಾನೆಯ ಮೂವರು ನೇಕಾರರು ಅವನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಅವರಲ್ಲಿ ಸಣ್ಣವನಾದ, ಮೂವತ್ತೂ ದಾಟದ ಬಸಗೊಂಡಪ್ಪ ಹತ್ತಿರ ಸರಿದು ಜೋರಾಗಿ ಕೇಳಿದ: “ನಿಮಗ ಮೊದಲ ಹೆಂಗ ಗೊತ್ತಾತ್ರಿ ಕಾಕಾ, ಕಿವಿ ಹೋಗಾಕತ್ತಾವಂತ?”

ಹಾಲಸಿದ್ದಪ್ಪ ಅವನ ಮುಖ ನೋಡಿದ.

“ಗುಬ್ಬಿ ದನಿ ಮೊದಲ ಹೋಗ್ತೈತಿ,” ಎಂದ. “ಆಮ್ಯಾಲ ಸಣ್ಣ ಹುಡುಗೂರದು. ಆಮ್ಯಾಲ ಹೆಣ್ಣಮಕ್ಕಳದು.”

ಬಸಗೊಂಡಪ್ಪ ತಲೆ ತಗ್ಗಿಸಿದ. ಅವನ ಮನೆಯಲ್ಲಿ ಎರಡು ವರ್ಷದ ಮಗಳಿದ್ದಳು.