ಶಾರದೆಯ ಸಿಟ್ಟು

ಹೋದ ವರ್ಷ ದೀಪಾವಳಿ ಮುಗಿದು, ತಿಳವಳ್ಳಿ ಕಡೆ ಗೋವಿನಜೋಳದ ರಾಶಿ ಜೋರಾಗಿ ನಡೆದಿದ್ದ ದಿನಗಳು. ನಾನು ಹಿರೇಕೆರೂರಿನ ಸೊಸೆ. ತವರು ತಿಳವಳ್ಳಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆದಾಗಿನಿಂದ ನಾನು ಎರಡೂ ಮನೆಗಳಲ್ಲಿ ನೆಟ್ಟಗೆ ಕೂತವಳಲ್ಲ. ಗಂಡನ ಮನೆಯಲ್ಲಿದ್ದರೆ ಅಪ್ಪನ ಚಿಂತೆ, ತವರಿನಲ್ಲಿದ್ದರೆ ಮಕ್ಕಳ ಚಿಂತೆ, ನಡುವೆ ಬಸ್ಸಿನಲ್ಲಿದ್ದರೆ ಡ್ರೈವರ್ ನಿಧಾನ ಓಡಿಸುತ್ತಾನೆಂದು ಸಿಟ್ಟು.

ಅಪ್ಪನ ಕೈಕಾಲು ಬೇಗ ಸುಧಾರಿಸಿದವು. ಮಾತು ಮಾತ್ರ ಬರಲಿಲ್ಲ. ನಮ್ಮಪ್ಪ ದೊಡ್ಡಾಟದ ಮಾಸ್ತರ. ಹಿಮ್ಮೇಳದಲ್ಲಿ ನಿಂತು ಹಾಡುವವನೂ ಅವನೇ, ಊರ ರೈತರಿಗೆ ಮಾತು, ಕುಣಿತ ಕಲಿಸುವವನೂ ಅವನೇ. ಮೈಕಿಲ್ಲದೆ ಊರಿನ ಆ ತುದಿಗೆ ಕೇಳುವ ಧ್ವನಿ. ಅಂಥವನು "ಅ... ಅ..." ಎಂದು ತಡವರಿಸಿ, ಕೈ ಆಡಿಸಿ ಸುಮ್ಮನಾಗುವುದನ್ನು ನೋಡಲಾಗುತ್ತಿರಲಿಲ್ಲ.

ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಊರವರ ಮಾತು. ದೊಡ್ಡಾಟದಲ್ಲಿ ಮೊದಲು ಗಣಪತಿ, ಆಮೇಲೆ ಶಾರದೆ ರಂಗಕ್ಕೆ ಬರಬೇಕು. ಮಾಸ್ತರ ಹಾಡಿ ಕರೆದರೆ ಆಕೆ ಬಂದು "ಏನು ವರ ಬೇಕು?" ಎನ್ನುತ್ತಾಳೆ. ಯಾರ ನಾಲಿಗೆಯೂ ತೊದಲದೆ ಆಟ ಸಾಗಲಿ ಎಂದು ಬೇಡಿಕೊಂಡ ಮೇಲೆಯೇ ಕಥೆ ಶುರು. ಬೇಸಿಗೆಯಲ್ಲಿ ಸವಣೂರಿನ ಒಂದು ಕಾರ್ಯಕ್ರಮದಲ್ಲಿ ಅಪ್ಪನ ತಂಡಕ್ಕೆ ಸಿಕ್ಕಿದ್ದು ಅರ್ಧ ತಾಸು. "ಶಾರದೆ ಬಿಡ್ರಿ, ಸೀದಾ ಯುದ್ಧಕ್ಕ ಹೋಗೂಣು" ಎಂದವನು ಅಪ್ಪನೇ. ಶಾರದೆಯ ಸೋಗು ಹಾಕುವ ಟ್ರ್ಯಾಕ್ಟರ್ ಡ್ರೈವರ್ ಬಸಣ್ಣ ಅಷ್ಟೊತ್ತಿಗೆ ಬಣ್ಣ ಹಚ್ಚಿಕೊಂಡು, ಸೀರೆ ಉಟ್ಟು ಕೂತಿದ್ದ. ರಂಗಕ್ಕೆ ಬಾರದೆ ಹಾಗೆಯೇ ಮುಖ ತೊಳೆದುಕೊಂಡ. ಆಟಕ್ಕೆ ಚಪ್ಪಾಳೆಯೇನೋ ಬಿತ್ತು. ಮಳೆ ಶುರುವಾಗುತ್ತಿದ್ದಂತೆ ಅಪ್ಪನಿಗೆ ಹೀಗಾಯಿತು.

"ಶಾರದೆ ಸಿಟ್ಟಾಗ್ಯಾಳ. ಮಾತು ಕೊಟ್ಟಾಕಿನೇ ಮಾತು ಕಸ್ಕೊಂಡ್ಳು ನೋಡು," ಎಂದು ಎದುರುಮನೆ ಕಾಶವ್ವ ನಮ್ಮ ಕಟ್ಟೆಯ ಮೇಲೆಯೇ ಕೂತು ಹೇಳಿದಳು.

"ಬಿ.ಪಿ. ಗುಳಿಗಿ ನುಂಗೂದು ಬಿಟ್ಟಿದ್ದ ನಮ್ಮಪ್ಪ. ಅದಕ್ಕ ಹಿಂಗಾತು. ಶಾರದೆಗೆ ಬ್ಯಾರೆ ಕೆಲಸ ಇಲ್ಲೇನು?" ಎಂದು ನಾನು ಹರಿಹಾಯ್ದೆ. ಒಳಗೆ ಬಂದು ನೋಡಿದರೆ ಅಪ್ಪ ಎಲ್ಲ ಕೇಳಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದ.

"ನೀನೂ ನಂಬ್ತಿ ಏನಪ್ಪಾ ಇದನ್ನ?" ಎಂದೆ. ಹೌದೆಂದು ತಲೆಯಾಡಿಸಿದ.

ಹುಬ್ಬಳ್ಳಿಯ ಡಾಕ್ಟರು ದಿನಾ ಮಾತಿನ ಅಭ್ಯಾಸ ಮಾಡಿಸಲು ಹೇಳಿದ್ದರು. ನಾನು ತಂಬಿಗೆ, ಟೋಪಿ, ಚಮಚ ಒಂದೊಂದನ್ನೇ ಎದುರಿಗೆ ಹಿಡಿದು ಹೆಸರು ಹೇಳು ಎಂದರೆ ಅಪ್ಪ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ದೇವರು ಕೊಟ್ಟ ಶಿಕ್ಷೆಯನ್ನು ತಪ್ಪಿಸಿಕೊಳ್ಳುವುದು ಇನ್ನೊಂದು ತಪ್ಪು ಎಂದುಕೊಂಡಿದ್ದನೋ ಏನೋ. ನಾನು ಬೈದೆ, ಕಣ್ಣೀರು ಹಾಕಿದೆ, ಮತ್ತೆ ಬೈದೆ. ಅಭ್ಯಾಸ ಮಾಡದಿದ್ದರೆ ಮಾತು ಕಾಯಂ ಹೋಗಿಬಿಡುತ್ತದೆ ಎಂಬ ಭಯ ನನಗೆ.

ಹೀಗಿರುವಾಗ ಒಂದು ಶನಿವಾರ ಬಸಣ್ಣ ಬಂದ. "ತಂಗೀ, ನಾಳೆ ತಾಲೀಮು ಸುರು ಮಾಡಾಕತ್ತೇವಿ. ಆವತ್ತ ಬಿಟ್ಟಿದ್ದ ಶಾರದೆ ಪಾರ್ಟು ಪೂರಾ ಮಾಡ್ತೇವಿ. ಮಾಸ್ತರ ಬಂದು ಬರೇ ಕುಂದರ್ಲಿ."

"ಬ್ಯಾಡ ಬಸಣ್ಣ. ಕ್ಷಮಾ ಕೇಳಾಕ ಅಂತ ಬರ್ತಾನ. ಮಾತು ಬರಲಿಲ್ಲಂದ್ರ ಶಾರದೆ ಕ್ಷಮಿಸಲಿಲ್ಲ ಅಂತ ಪೂರಾ ಕುಸಿದು ಹೋಗ್ತಾನ" ಎಂದೆ. ನಮ್ಮ ವಾದ ಮುಗಿಯುವ ಮೊದಲೇ ಅಪ್ಪ ಎದ್ದು ಬಂದು, ಗೂಟದಲ್ಲಿದ್ದ ಟೋಪಿ ಕೊಡು ಎಂದು ಅವ್ವನಿಗೆ ಸನ್ನೆ ಮಾಡಿದ. ತಾಲೀಮು ನಾಳೆ ಎಂದು ಅವ್ವ ಸಮಾಧಾನ ಮಾಡಿ ಕೂರಿಸಬೇಕಾಯಿತು.

ಮರುದಿನ ಮಧ್ಯಾಹ್ನ ಗುಡಿಯ ಮುಂದೆ ಮದ್ದಲೆ, ತಾಳಕ್ಕೆ ಪೂಜೆಯಾಯಿತು. ಅಪ್ಪನನ್ನು ಹಿಮ್ಮೇಳದ ಪಕ್ಕ ಕೂರಿಸಿದರು. ನಾನು ಒಂದು ಕಡೆ ನಿಲ್ಲಲಾರದೆ ಗುಡಿ ಸುತ್ತ ಸುತ್ತುತ್ತಿದ್ದೆ. ಪ್ರದಕ್ಷಿಣೆ ಹಾಕುತ್ತಿದ್ದೇನೆ ಎಂದುಕೊಂಡರು ಜನ. ಆಟದ ದಿನ ಬಸಣ್ಣ ಮೀಸೆ ಬೋಳಿಸುತ್ತಾನೆ, ತಾಲೀಮಿಗೆ ಮಾತ್ರ ಮೀಸೆಯ ಶಾರದೆಯೇ. ತಲೆಯ ಮೇಲೆ ಟವೆಲ್ಲನ್ನು ಸೆರಗು ಮಾಡಿಕೊಂಡು ನಿಂತಿದ್ದ. ಅಪ್ಪನ ಜಾಗದಲ್ಲಿ ಅವನ ಶಿಷ್ಯ ಈರಣ್ಣ ಹಾಡು ಎತ್ತಿಕೊಂಡ: "ಬಾರಮ್ಮ ಶಾರದೆ, ರಂಗಕ್ಕೆ ಬಾರೆ..."

ಎರಡನೇ ಸಾಲಿಗೆ ಇನ್ನೊಂದು ಧ್ವನಿ ಕೂಡಿತು. ಗುಡಿಯ ಹಿಂದಿದ್ದ ನಾನು ಅಲ್ಲೇ ನಿಂತೆ. ಆ ಧ್ವನಿ ನನಗೆ ಗೊತ್ತಿಲ್ಲವೇ? ಓಡಿಬಂದು ನೋಡಿದರೆ ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಹಾಡುತ್ತಿದ್ದ. ಒಂದಕ್ಷರವೂ ತೊದಲುತ್ತಿರಲಿಲ್ಲ. ಈರಣ್ಣ ಹಾಡನ್ನು ಅವನಿಗೇ ಬಿಟ್ಟುಕೊಟ್ಟ. ಅಪ್ಪ ಒಬ್ಬನೇ ಕೊನೆಯವರೆಗೂ ಹಾಡಿದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಸಣ್ಣ ತನ್ನ ಪಾಠದ ಪ್ರಕಾರ ಕೇಳಿದ: "ಎಲೈ ಭಕ್ತನೇ, ನಿನಗೇನು ವರ ಬೇಕು?"

ಇದಕ್ಕೆ ಉತ್ತರ ಹಾಡಲ್ಲ, ಮಾತು. ಅಪ್ಪ ಬಾಯಿ ತೆರೆದ. "ಅ... ಅ..." ಅಷ್ಟೇ. ಮತ್ತೆ ಪ್ರಯತ್ನಿಸಿದ. ಮುಖ ಕೆಂಪಾಯಿತು, ಕಣ್ಣು ತುಂಬಿದವು. ನಾನು ಹೆದರಿದ್ದೇ ಆಗುತ್ತಿತ್ತು. ಸುಮ್ಮನಿರಲಾಗದೆ, ಎಲ್ಲರೂ ನೋಡುತ್ತಿದ್ದರೂ ಕೂಗಿ ಹೇಳಿದೆ, "ಅಪ್ಪಾ, ಮಾತಾಡಬ್ಯಾಡ. ಹಾಡಿ ಹೇಳು."

ಅಪ್ಪ ನನ್ನನ್ನು ನೋಡಿದ. ಆಮೇಲೆ ಅದೇ ಧಾಟಿಯಲ್ಲಿ, ನಿಧಾನವಾಗಿ, ಯಾವ ಆಟದಲ್ಲೂ ಇಲ್ಲದ ಮಾತನ್ನು ಹಾಡಿದ. "ತಪ್ಪಾತು ತಾಯೀ... ತಪ್ಪಾತು..."

ಬಸಣ್ಣನಿಗೆ ಪಾಠ ಮರೆತೇಹೋಯಿತು. ಟವೆಲ್ಲಿನ ಸೆರಗು ಜಾರಿ ಹೆಗಲಿಗೆ ಬಿತ್ತು. ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಹಿಡಿದುಕೊಂಡು ಹೇಳಿದ, "ನಾ ಸಿಟ್ಟಾಗಿಲ್ರಿ ಮಾಸ್ತರ. ನಾ ಯಾವತ್ತೂ ಸಿಟ್ಟಾಗಿಲ್ಲ."

ಅಪ್ಪ ಅವನ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟ. ಲಕ್ವ ಹೊಡೆದ ಮೇಲೆ ಅವನು ಅತ್ತದ್ದು ಅದೇ ಮೊದಲು.

ಮಾತು ಮತ್ತು ಹಾಡಿಗೆ ಮೆದುಳಿನಲ್ಲಿ ಬೇರೆ ಬೇರೆ ಜಾಗ ಇರುತ್ತದೆ, ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ಶಾರದೆ ಒಲಿದಳು ಎಂದಳು ಕಾಶವ್ವ. ಈ ಸಲ ನಾನು ಜಗಳಕ್ಕೆ ಹೋಗಲಿಲ್ಲ. ಅಪ್ಪ ಅಂದಿನಿಂದ ದಿನಾ ಅಭ್ಯಾಸಕ್ಕೆ ಕೂರುತ್ತಾನೆ, ನನಗೆ ಅಷ್ಟು ಸಾಕು. ಈಗ ನಮ್ಮ ಮನೆಯಲ್ಲಿ ಚಹಾ ಬೇಕೇ ಎಂದು ಅವ್ವ ಹಾಡಿ ಕೇಳುತ್ತಾಳೆ, ಸಕ್ಕರೆ ಹೆಚ್ಚು ಹಾಕು ಎಂದು ಅಪ್ಪ ಹಾಡಿ ಹೇಳುತ್ತಾನೆ. ಸಕ್ಕರೆ ಬೇಡ ಎಂದು ನಾನೂ ಅದೇ ಧಾಟಿಯಲ್ಲಿ ಜಗಳ ತೆಗೆಯುತ್ತೇನೆ. ದಾರಿಹೋಕರು ನಿಂತು ನೋಡಿ ಹೋಗುತ್ತಾರೆ.

ನಾನು ದೇವರನ್ನು ಬಹಳ ಹಚ್ಚಿಕೊಂಡವಳಲ್ಲ. ಆದರೂ ಈಗ ಎಲ್ಲಿ ವೀಣೆ ಹಿಡಿದ ಸರಸ್ವತಿಯ ಪಟ ಕಂಡರೂ ಕೈ ತಾನಾಗಿ ಮುಗಿಯುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಮೀಸೆ ಹೊತ್ತ ಬಸಣ್ಣನ ಮುಖ.