ಭಾರದ ಗಾಳಿ

ಬಳ್ಳಾರಿಯಲ್ಲಿ ಗಣಿಯ ದುಡ್ಡು ಹರಿಯುತ್ತಿದ್ದ ಕಾಲ. ನಮ್ಮ ಧಣಿ ಹಲಕುಂದಿ ಹತ್ತಿರ ಬಯಲು ಸಮ ಮಾಡಿಸಿ ಗಾಲ್ಫ್ ಆಡುತ್ತಿದ್ದರು. ಅವರು ಬಾರದ ಭಾನುವಾರಗಳಂದು ನಾನೂ, ಗಣಿಯಲ್ಲಿ ಫಿಟ್ಟರ್ ಆಗಿದ್ದ ನನ್ನ ಗೆಳೆಯನೂ ಅವರ ಹಳೇ ಕೋಲು ಹಿಡಿದು ಆಡುತ್ತಿದ್ದೆವು. ಚೆಂಡು ಹೋದ ದೂರವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದವನು ಅವನೇ.

ಚಳಿಗಾಲವಿಡೀ ಅವನ ಚೆಂಡು ಎದುರಿನ ಜಾಲಿಮರ ದಾಟಿರಲಿಲ್ಲ. ಮಳೆ ಹಿಡಿಯುವ ಮುಂಚಿನ ಒಂದು ಸಂಜೆ, ಅಂಗಿ ಮೈಗೆ ಅಂಟುವಂಥ ಸೆಕೆಯಲ್ಲಿ, ಅವನು ಅಳೆದು ಬಂದು ಜಾಲಿಯಿಂದಾಚೆ ಹನ್ನೆರಡು ಹೆಜ್ಜೆ ಎಂದ. ನಾನು ರೇಗಿದೆ.

"ಸುಳ್ಳು ಹೇಳಬ್ಯಾಡಲೇ. ಗಾಳಿ ಇಷ್ಟು ಭಾರ ಐತಿ, ಚೆಂಡು ಅಷ್ಟು ದೂರ ಹೆಂಗ ಹೋಗತೈತಿ?"

"ಬಾರಲೇ, ನೀನ ಎಣಿಸು."

ನಾನು ಕದಲಲಿಲ್ಲ. ಕಾವಲುಗಾರನ ಎದುರೇ ಅವನನ್ನು ಮೋಸಗಾರ ಎಂದೆ. ಅವನು ಕೋಲು ಕೆಳಗಿಟ್ಟು ಹೊರಟುಹೋದ. ಆಮೇಲೆ ನಮ್ಮಲ್ಲಿ ಮಾತಿಲ್ಲ. ದಸರೆಗೆ ಮುಂಚೆಯೇ ಅದಿರಿನ ಲಾರಿಯೊಂದು ಅವನ ಮೇಲೆ ಹರಿಯಿತು.

ಮೊನ್ನೆ ಮಗಳ ವಿಜ್ಞಾನದ ಪುಸ್ತಕದಲ್ಲಿ ಓದಿದೆ. ಕಾದ ಗಾಳಿ ಹಗುರವಂತೆ, ತೇವ ಸೇರಿದರೆ ಇನ್ನೂ ಹಗುರವಂತೆ. ಅಂಥ ಗಾಳಿಯಲ್ಲಿ ಚೆಂಡು ಒಂದಿಷ್ಟು ಹೆಚ್ಚೇ ಹೋಗುತ್ತದೆ.

ಅವನು ಕರೆದಾಗ ಹೋಗಿ ಎಣಿಸಲು ನನಗೇನು ಧಾಡಿಯಾಗಿತ್ತು?